ನಿಂತ ಗಾಡಿಯೂ ಕುಡಿದ ಚಾಲಕನೂ

ಮದ್ಯಪಾನ ಮಾಡಿದವನು ವಾಹನವನ್ನು ನಡೆಸಬಾರದೆಂಬುದು ಚಿಕ್ಕ ಮಕ್ಕಳೂ ಬಲ್ಲ ಮಾತು. ಅದರಲ್ಲಿ ವಾದವಿಲ್ಲ. ಆದರೆ ಒಬ್ಬನು ಕುಡಿದಿದ್ದಾನೆ, ವಾಹನವನ್ನು ನಡೆಸುತ್ತಿಲ್ಲ, ಅಂಧೇರಿಯ ಯಾವುದೋ ಓಣಿಯ ಬದಿಗೆ ನಿಲ್ಲಿಸಿದ ಕಾರಿನಲ್ಲಿ ಒರಗಿ ನಿದ್ದೆಹೋಗಿದ್ದಾನೆ ಎಂದುಕೊಳ್ಳೋಣ. ಅವನು ಅಪರಾಧಿಯೆ? ಕುಡಿದು ಓಡಿಸಿದವನಿಗೆ ಕೊಡುವ ಶಿಕ್ಷೆಯನ್ನೇ ಅವನಿಗೂ ಕೊಡಬೇಕೆ? ಪ್ರಶ್ನೆಯು ಸಣ್ಣದಾಗಿ ಕಂಡರೂ, ಕಾಯಿದೆಯ ಮಾತನ್ನು ಹೇಗೆ ಓದಬೇಕು, ಶಿಕ್ಷೆಯ ಉದ್ದೇಶವೇನು ಎಂಬ ಎರಡು ದೊಡ್ಡ ವಿಷಯಗಳು ಇದರೊಳಗೆ ಅಡಗಿವೆ.

ವಿದ್ಯಾರ್ಥಿಗಳೇ, ಇದು ನಮಗೆ ದೂರದ ವಿಷಯವಲ್ಲ. ರಿಕ್ಷಾ, ಟ್ಯಾಕ್ಸಿ, ಟೆಂಪೊ ನಡೆಸಿ ಸಂಸಾರ ಸಾಗಿಸುವ ಹಿರಿಯರು ನಿಮ್ಮ ಮನೆಗಳಲ್ಲಿ, ನೆರೆಯಲ್ಲಿ ಇದ್ದಾರೆ. ವಿಮಾನನಿಲ್ದಾಣದ ಸುತ್ತಲೂ ಸಾಕಿನಾಕಾ, ಮರೋಳದ ಬೀದಿಗಳಲ್ಲಿಯೂ ರಾತ್ರಿಯ ಬಾಡಿಗೆಗೆ ಕಾಯುತ್ತ ಗಾಡಿಯಲ್ಲಿಯೇ ಕಣ್ಣುಮುಚ್ಚುವ ಚಾಲಕರನ್ನು ನೀವು ಕಂಡಿದ್ದೀರಿ. ಅವರು ಕುಡಿದವರೆಂದು ಯಾರೂ ಭಾವಿಸಬಾರದು, ದುಡಿದು ದಣಿದವರು. ಆದರೂ ನಿಂತ ಗಾಡಿಯವರೆಗೆ ಕಾಯಿದೆಯ ಕೈ ಎಷ್ಟು ಚಾಚಬಹುದೆಂಬುದನ್ನು ಇಂಥ ಮನೆಗಳ ಮಕ್ಕಳು ಅರಿತಿರಬೇಕು. ಅಲ್ಲಿ ಲೈಸೆನ್ಸು ಹೋದರೆ ಅನ್ನವೂ ಹೋದಂತೆ.

ಕಾಯಿದೆಯ ಮಾತು

1988ರ ಮೋಟಾರು ವಾಹನಗಳ ಕಾಯಿದೆಯ 185ನೆಯ ಕಲಮಿನಂತೆ, ವಾಹನವನ್ನು ನಡೆಸುತ್ತಿರುವಾಗ ಅಥವಾ ನಡೆಸಲು ಯತ್ನಿಸುತ್ತಿರುವಾಗ, ಉಸಿರಿನ ಪರೀಕ್ಷೆಯಲ್ಲಿ 100 ಮಿಲಿಲೀಟರು ರಕ್ತಕ್ಕೆ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದೆಯೆಂದು ಕಂಡುಬಂದವನು ಶಿಕ್ಷಾರ್ಹನು. 2019ರ ತಿದ್ದುಪಡಿಯ ಮೇಲೆ ಮೊದಲನೆಯ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ 15,000 ರೂಪಾಯಿ ದಂಡ, ಇಲ್ಲವೆ ಎರಡೂ.

ವ್ಯಾಕರಣದ ಪಾಠದಲ್ಲಿ ಮಾಡುವಂತೆ ಇಲ್ಲಿಯೂ ಕ್ರಿಯೆಯನ್ನು ಗಮನಿಸಿರಿ. ನಡೆಸುವುದು, ನಡೆಸಲು ಯತ್ನಿಸುವುದು—ಇವೆರಡೇ ಅಲ್ಲಿರುವ ಕ್ರಿಯೆಗಳು. ಗಾಡಿಯಲ್ಲಿ ಇರುವುದು, ಗಾಡಿಯನ್ನು ವಶದಲ್ಲಿಟ್ಟುಕೊಂಡಿರುವುದು ಎಂಬ ಮಾತು ಅಲ್ಲಿಲ್ಲ. ಕಾಯಿದೆಯನ್ನು ಬರೆದವರು ಮರೆತರೆ? ಮರೆಯಲಿಲ್ಲ. ಅದೇ ಕಾಯಿದೆಯ 122ನೆಯ ಕಲಮಿನಲ್ಲಿ, ಅಪಾಯ ಅಥವಾ ಅಡಚಣೆಯಾಗುವಂತೆ ವಾಹನವನ್ನು ನಿಲ್ಲಿಸಬಾರದೆಂದು ವಿಧಿಸುವಾಗ, ವಾಹನವನ್ನು ವಶದಲ್ಲಿಟ್ಟುಕೊಂಡವನನ್ನೇ ಹೆಸರಿಸಿದ್ದಾರೆ. 126ನೆಯ ಕಲಮಿನಲ್ಲಿಯೂ ಹಾಗೆಯೇ. ಬೇಕಾದೆಡೆ ಆ ಪದವನ್ನು ಬಳಸಿ, 185ರಲ್ಲಿ ಬಿಟ್ಟಿದ್ದಾರೆ. ದಂಡನೆಯ ಮಾತನ್ನು ಹಿಗ್ಗಿಸಿ ಓದಬಾರದೆಂಬುದು ನ್ಯಾಯಶಾಸ್ತ್ರದ ಹಳೆಯ ನಿಯಮ. ಆದ್ದರಿಂದ ಬರಿದೆ ನಿದ್ದೆಹೋದವನು ಈ ಕಲಮಿನೊಳಗೆ ಬರುವುದಿಲ್ಲ.

ಹಾಗೆಂದು ಗಾಡಿ ನಿಂತಿದ್ದರೆ ಸಾಕು, ತಪ್ಪಿಸಿಕೊಳ್ಳಬಹುದು ಎಂದು ತಿಳಿಯಬೇಡಿರಿ. ಯತ್ನವೆಂದರೇನು ಎಂಬುದಕ್ಕೆ ನಮ್ಮ ನೆರೆಯದೇ ಒಂದು ನಿದರ್ಶನವಿದೆ. 1974ರಲ್ಲಿ ವಸಯಿಯ ಬಳಿ ಖಾಡಿಯ ದಡದಲ್ಲಿ ಬೆಳ್ಳಿ ತುಂಬಿದ ಲಾರಿಯೊಂದನ್ನು ನಿಲ್ಲಿಸಿಕೊಂಡವರನ್ನು ಸುಂಕದ ಅಧಿಕಾರಿಗಳು ಹಿಡಿದರು. ಬೆಳ್ಳಿಯಿನ್ನೂ ನೆಲದ ಮೇಲಿತ್ತು, ಹಡಗನ್ನು ಸೇರಿರಲಿಲ್ಲ. ಆದರೂ ಸುತ್ತಲಿನ ಸಂಗತಿಗಳಿಂದ ಉದ್ದೇಶವು ಸ್ಪಷ್ಟವಾಗಿರುವುದರಿಂದ ಇದು ಕಳ್ಳಸಾಗಣೆಯ ಯತ್ನವೇ ಎಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಈ ವಿಚಾರವನ್ನು ನಮ್ಮ ವಿಷಯಕ್ಕೆ ಅನ್ವಯಿಸಿ ನೋಡಿರಿ. ಚಾಲಕನ ಆಸನದಲ್ಲಿ ಕುಳಿತು, ಕೀಲಿಯನ್ನು ತಿರುಗಿಸಿ, ಗೇರು ಹಾಕಹೊರಟವನ ಗಾಡಿ ಒಂದಂಗುಲವೂ ಸರಿಯದಿರಬಹುದು. ಆದರೂ ಅವನು ಯತ್ನಿಸಿದವನೇ. ಹಿಂದಿನ ಆಸನದಲ್ಲಿ ಕಾಲು ಮುದುಡಿ ಮಲಗಿದವನು ಯತ್ನಿಸಿದವನಲ್ಲ.

ಪೂರ್ವಪಕ್ಷ

ಈ ಕಾಯಿದೆ ಸಾಲದು, ನಿಂತ ಗಾಡಿಯಲ್ಲಿರುವ ಕುಡುಕನನ್ನೂ ದಂಡಿಸಬೇಕು ಎನ್ನುವವರ ವಾದವು ಹಗುರವಾದುದಲ್ಲ. 2006ರ ನವೆಂಬರ್ 12ರ ನಸುಕಿನಲ್ಲಿ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ, ಪಾದಚಾರಿಗಳ ಹಾದಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರೊಂದು ಹರಿದು ಏಳು ಜನ ಸತ್ತರು. ಎಂಟು ಜನ ಗಾಯಗೊಂಡರು. ಚಾಲಕನ ರಕ್ತದಲ್ಲಿ 100 ಮಿಲಿಲೀಟರಿಗೆ 112 ಮಿಲಿಗ್ರಾಮು ಮದ್ಯಸಾರವಿತ್ತು. ಅವನಿಗೆ ವಿಧಿಸಿದ್ದ ಮೂರು ವರ್ಷಗಳ ಶಿಕ್ಷೆಯನ್ನು 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಇಂಥ ಕಾರು ಹೊರಡುವ ಮೊದಲೇ ತಡೆಯುವುದು ಲೇಸಲ್ಲವೆ ಎಂಬುದು ಈ ಪಕ್ಷದವರ ಪ್ರಶ್ನೆ.

ಎರಡನೆಯದಾಗಿ, ಮಲಗಿದವನು ಎದ್ದೇ ಏಳುತ್ತಾನೆ. ದೇಹವು ಮದ್ಯಸಾರವನ್ನು ಕಳೆಯುವ ವೇಗವು ಸಾಮಾನ್ಯವಾಗಿ ಗಂಟೆಗೆ ಸುಮಾರು 15 ಮಿಲಿಗ್ರಾಮು. ಮಧ್ಯರಾತ್ರಿಗೆ 120 ಇದ್ದವನು 30ಕ್ಕೆ ಇಳಿಯಬೇಕಾದರೆ ಆರು ಗಂಟೆಗಳು ಬೇಕು. ಮೂರು ಗಂಟೆಗೆ ಎಚ್ಚೆತ್ತು, ತಾನು ಚೇತರಿಸಿಕೊಂಡೆನೆಂದು ಭಾವಿಸಿ ಹೊರಡುವವನ ರಕ್ತದಲ್ಲಿ 75 ಉಳಿದಿರುತ್ತದೆ. ತಣ್ಣೀರಾಗಲಿ ಕಾಫಿಯಾಗಲಿ ಈ ಲೆಕ್ಕವನ್ನು ಬದಲಿಸಲಾರವು.

ಇಂಗ್ಲೆಂಡು ಈ ಪಕ್ಷವನ್ನೇ ಹಿಡಿದಿದೆ. ಕುದುರೆ, ದನ, ಗಾಡಿ, ಉಗಿಯಂತ್ರಗಳನ್ನು ವಶದಲ್ಲಿಟ್ಟುಕೊಂಡು ಬೀದಿಯಲ್ಲಿ ಕುಡಿದಿರುವುದೇ ಅಪರಾಧವೆಂದು ಅಲ್ಲಿ 1872ರಲ್ಲಿಯೇ ವಿಧಿಸಿದ್ದರು. ಈಗಲೂ ಮೋಟಾರನ್ನು ವಶದಲ್ಲಿಟ್ಟುಕೊಂಡ ಕುಡುಕನು ಅಪರಾಧಿ. ಆ ಸ್ಥಿತಿಯಲ್ಲಿ ತಾನು ಗಾಡಿಯನ್ನು ನಡೆಸುವ ಸಂಭವವಿರಲಿಲ್ಲವೆಂದು ತೋರಿಸುವ ಹೊಣೆ ಅವನದು.

ಸಿದ್ಧಾಂತ

ಇಷ್ಟಾದರೂ ನಮ್ಮ ಕಾಯಿದೆಯ ಗೆರೆಯೇ ಸರಿಯಾದುದೆಂದು ನನ್ನ ಅಭಿಪ್ರಾಯ. ಕಾರಣವನ್ನು ಹೇಳುತ್ತೇನೆ.

ಶಿಕ್ಷೆಯ ಉದ್ದೇಶವು ಜೀವರಕ್ಷಣೆ. ಕುಡಿದವನ ಮುಂದೆ ಎರಡು ದಾರಿಗಳಿವೆ ಎನ್ನಿ: ಗಾಡಿಯನ್ನು ನಡೆಸಿ ಮನೆಗೆ ಹೋಗುವುದು, ನಿಲ್ಲಿಸಿ ಮಲಗುವುದು. ಎರಡಕ್ಕೂ ಒಂದೇ ಶಿಕ್ಷೆಯಾದರೆ ಅವನು ಮಲಗುವುದೇಕೆ? ಹೇಗೂ ಸಿಕ್ಕಿಬೀಳುವೆನೆಂದು ಹೊರಟೇಬಿಟ್ಟಾನು. ಅಮೆರಿಕದ ಅರಿಜೋನಾ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು 1983ರಲ್ಲಿ, ರಸ್ತೆಯ ಬದಿಗೆ ಸರಿದು ಯಂತ್ರವನ್ನು ಆರಿಸಿ ನಿದ್ದೆಹೋದವನನ್ನು ಈ ಕಾರಣದಿಂದಲೇ ಬಿಟ್ಟಿತು. ಕೆನಡಾದಲ್ಲಿ ಒಬ್ಬನು ಕುಡಿದು, ಟ್ಯಾಕ್ಸಿಗೆ ಹೇಳಿಕಳಿಸಿ, ಅದು ಬರುವವರೆಗೆ ಚಳಿ ತಾಳಲಾರದೆ ತನ್ನ ಗಾಡಿಯ ಯಂತ್ರವನ್ನು ನಡೆಸಿಟ್ಟು ಚಾಲಕನ ಆಸನದಲ್ಲಿಯೇ ನಿದ್ದೆಹೋಗಿದ್ದನು. ನಿಜವಾದ ಅಪಾಯವಿತ್ತೆ ಎಂಬುದನ್ನೇ ನೋಡಬೇಕೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಹೇಳಿ, ಅವನ ಬಿಡುಗಡೆಯನ್ನು ಸ್ಥಿರಪಡಿಸಿತು.

ಇನ್ನು ಹೊಣೆಯ ಮಾತು. ತಾನು ಹೊರಡುತ್ತಿರಲಿಲ್ಲವೆಂದು ತೋರಿಸಲು ಕಾರಿನ ಯಜಮಾನನಿಗೆ ವಕೀಲನಿದ್ದಾನು. ಗಾಡಿಯೇ ಹಾಸಿಗೆಯಾದ ರಿಕ್ಷಾದವನಿಗೆ ಯಾರಿದ್ದಾರೆ? ಬರಿಯ ಸಂಶಯವು ದಂಡನೆಗೆ ಸಾಕಾದರೆ ಅದರ ಭಾರವು ಬಡವನ ಮೇಲೆಯೇ ಬೀಳುತ್ತದೆ.

ಮಲಗಿದವನನ್ನು ಈ ಕಲಮಿನಿಂದ ಹೊರಗಿಟ್ಟರೆ ಸಮಾಜವು ನಿರಾಯುಧವಾಗುವುದಿಲ್ಲ. ಅಪಾಯವಾಗುವೆಡೆ ಗಾಡಿ ನಿಲ್ಲಿಸಿದವನಿಗೆ 122ನೆಯ ಕಲಮು ಇದೆ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಪರರನ್ನು ಪೀಡಿಸುವವನಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೆಯ ಕಲಮು ಇದೆ. ನಸುಕಿನಲ್ಲಿ ಎದ್ದು ಕೀಲಿಯನ್ನು ತಿರುಗಿಸಿದವನಿಗೆ 185 ಕಾದೇ ಇರುತ್ತದೆ. ಪೋಲೀಸರು ಮಲಗಿದವನನ್ನು ಎಬ್ಬಿಸಿ, ಎಚ್ಚರಿಸಿ, ಬೇರೆ ವಾಹನದಲ್ಲಿ ಕಳಿಸಬಹುದು. ದಂಡನೆಗಿಂತ ಮೊದಲು ನೀಡಬೇಕಾದುದು ಎಚ್ಚರಿಕೆ.

ಆದರೆ ಕಾಯಿದೆಯು ದಂಡಿಸದ ಕೆಲಸವೆಲ್ಲವೂ ಒಳ್ಳೆಯ ಕೆಲಸವಲ್ಲ. ಮುಚ್ಚಿದ ಜಾಗದಲ್ಲಿ ಯಂತ್ರವನ್ನು ನಡೆಸಿಟ್ಟು ಮಲಗಿದವರನ್ನು ಅದರ ವಿಷದ ಹೊಗೆಯೇ ಕೊಂದೀತು. ಕುಡಿಯದಿರುವುದು ಉತ್ತಮ, ಕುಡಿದವನು ಕೀಲಿಯನ್ನು ಇನ್ನೊಬ್ಬರ ಕೈಗಿತ್ತು ಬಾಡಿಗೆಯ ಗಾಡಿಯಲ್ಲಿ ಮನೆಗೆ ಹೋಗುವುದು ಮಧ್ಯಮ, ತನ್ನ ಗಾಡಿಯಲ್ಲಿ ಮಲಗುವುದು ಅಧಮ, ನಡೆಸುವುದು ಮಹಾಪರಾಧ. ಅಧಮಕ್ಕೂ ಅಪರಾಧಕ್ಕೂ ನಡುವಣ ಗೆರೆಯನ್ನು ಅಳಿಸದಿರುವುದು ವಿವೇಕ.

ಅಭ್ಯಾಸ

1. 'ನಡೆಸು', 'ನಡೆಸಲು ಯತ್ನಿಸು', 'ವಶದಲ್ಲಿಟ್ಟುಕೊಂಡಿರು'—ಈ ಮೂರರ ಅರ್ಥಭೇದವನ್ನು ಸ್ವಂತ ವಾಕ್ಯಗಳಲ್ಲಿ ತೋರಿಸಿರಿ.
2. ರಾತ್ರಿ ಹನ್ನೊಂದಕ್ಕೆ ಒಬ್ಬನ ರಕ್ತದಲ್ಲಿ 90 ಮಿಲಿಗ್ರಾಮು ಇದ್ದರೆ, ಮೇಲಿನ ಲೆಕ್ಕದಂತೆ 30ಕ್ಕೆ ಇಳಿಯುವುದು ಎಷ್ಟು ಹೊತ್ತಿಗೆ?
3. ಪೂರ್ವಪಕ್ಷವೇ ಸರಿಯೆಂದು ನಿಮಗೆ ತೋರಿದರೆ, ಸಿದ್ಧಾಂತದ ಒಂದೊಂದು ಕಾರಣಕ್ಕೂ ಉತ್ತರ ಬರೆಯಿರಿ.