ನೋವಿಲ್ಲದ ಪಿತ್ತನಾಳದ ಕಲ್ಲು: ಗೆಲ್ಲಲು ಏಳು ಸೂತ್ರಗಳು

ಗಳಗನಾಥದ ರೈತರೊಬ್ಬರು ಬೇರೆ ಯಾವುದೋ ತೊಂದರೆಗೆ ಹಾವೇರಿಯಲ್ಲೋ ರಾಣೇಬೆನ್ನೂರಿನಲ್ಲೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುತ್ತಾರೆ ಎನ್ನಿ. ರಿಪೋರ್ಟಿನಲ್ಲಿ ಪಿತ್ತನಾಳದಲ್ಲಿ ಕಲ್ಲಿದೆ ಎಂದು ಬರುತ್ತದೆ. ನೋವಿಲ್ಲ, ಜ್ವರವಿಲ್ಲ, ರೊಟ್ಟಿ ಚೆನ್ನಾಗಿಯೇ ಸೇರುತ್ತಿದೆ. ಹೀಗಾದಾಗ ಗಾಬರಿಯೂ ಬೇಡ, ಉದಾಸೀನವೂ ಬೇಡ.

1. ಕಲ್ಲು ಎಲ್ಲಿದೆ ಎಂದು ಮೊದಲು ನೋಡಿ. ಪಿತ್ತಕೋಶದೊಳಗೆ ಸುಮ್ಮನೆ ಕೂತ ಕಲ್ಲನ್ನು ಸಾಮಾನ್ಯವಾಗಿ ಹಾಗೆಯೇ ಬಿಡುತ್ತಾರೆ. ರಿಪೋರ್ಟಿನಲ್ಲಿ ‘ಸಿಬಿಡಿ’ ಎಂದಿದ್ದರೆ ಮಾತೇ ಬೇರೆ. ಅದು ಪಿತ್ತರಸ ಕರುಳಿಗೆ ಇಳಿಯುವ ನಾಳ. ಅಲ್ಲಿ ಕಲ್ಲು ಸಿಕ್ಕಿಕೊಂಡರೆ ಕಾಮಣಿ, ನಾಳದ ಸೋಂಕು, ಮೇದೋಜೀರಕ ಗ್ರಂಥಿಯ ಉರಿಯೂತ ಬರಬಹುದು.

2. ಕಲ್ಲು ಇರುವುದನ್ನು ಖಚಿತಮಾಡಿಕೊಳ್ಳಿ. ಕರುಳಿನ ಗಾಳಿ ಅಡ್ಡ ಬಂದು ನಾಳದ ಕೆಳತುದಿ ಸಾದಾ ಸ್ಕ್ಯಾನಿಂಗಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನ್) ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕು, ಜೊತೆಗೆ ಲಿವರ್‌ನ ರಕ್ತಪರೀಕ್ಷೆ. ಸಣ್ಣ ಕಲ್ಲು ತಾನಾಗಿ ಕರುಳಿಗೆ ಜಾರಿಹೋಗುವುದೂ ಉಂಟು. ತಿಂಗಳುಗಳ ಹಿಂದಿನ ರಿಪೋರ್ಟ್ ನಂಬಿ ಟೇಬಲ್ ಮೇಲೆ ಮಲಗಬೇಡಿ.

3. ತೆಗೆಸುವ ತೀರ್ಮಾನವನ್ನು ತೂಗಿ ಮಾಡಿ. ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಶಕ್ತರಾದವರಿಗೆಲ್ಲ, ಲಕ್ಷಣ ಇರಲಿ ಇಲ್ಲದಿರಲಿ, ಕಲ್ಲು ತೆಗೆಸುವ ಸಲಹೆ ಕೊಡಬೇಕೆಂದು ಯುರೋಪಿನ ಎಂಡೋಸ್ಕೋಪಿ ತಜ್ಞರ 2019ರ ಮಾರ್ಗಸೂಚಿ ಹೇಳುತ್ತದೆ. ಪಿತ್ತಕೋಶದ ಆಪರೇಷನ್ ವೇಳೆ ನಾಳದಲ್ಲಿ ಕಂಡ ಕಲ್ಲುಗಳ ಬಗ್ಗೆ 2014ರಲ್ಲಿ ಸ್ವೀಡನ್ನಿನ ಅಧ್ಯಯನವೊಂದು ಪ್ರಕಟವಾಯಿತು. ಹಾಗೇ ಬಿಟ್ಟವರಲ್ಲಿ ನೂರಕ್ಕೆ ಸುಮಾರು 25 ಜನರಿಗೆ ಮುಂದೆ ತೊಂದರೆಯಾಯಿತು, ತೆಗೆಸಿಕೊಂಡವರಲ್ಲಿ ಸುಮಾರು 13 ಜನರಿಗೆ. ಆದರೆ ಬಾಯಿಯ ಮೂಲಕ ಟ್ಯೂಬು ಇಳಿಸಿ ಕಲ್ಲು ತೆಗೆಯುವ ಇಆರ್‌ಸಿಪಿಯಿಂದಲೇ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇದೆ. ಲಕ್ಷಣವಿಲ್ಲದವರಲ್ಲಿ ಈ ಅಪಾಯ ಹೆಚ್ಚು ಎಂದು ಜಪಾನಿನ ಅಧ್ಯಯನಗಳು ತೋರಿಸಿವೆ. ನನ್ನ ಅಭಿಪ್ರಾಯ ಇಷ್ಟು: ಗಟ್ಟಿಮುಟ್ಟಾದವರು ತೆಗೆಸಿಕೊಳ್ಳಲಿ. ಇಳಿವಯಸ್ಸಿನವರು, ಹೃದಯ ಅಥವಾ ಶ್ವಾಸಕೋಶ ಸೋತವರು ವೈದ್ಯರ ನಿಗಾದಲ್ಲಿ ಕಾಯುವುದೂ ಚಿಕಿತ್ಸೆಯೇ.

4. ಸಂಕೋಚ ಬಿಟ್ಟು ಕೇಳಿ. ‘ಡಾಕ್ಟರೇ, ಇಆರ್‌ಸಿಪಿಯನ್ನು ನೀವು ಆಗಾಗ ಮಾಡ್ತೀರಾ? ಊತ ತಡೆಯಲು ಗುದದ್ವಾರಕ್ಕೆ ಇಂಡೊಮೆಥಾಸಿನ್ ಗುಳಿಗೆ ಇಡ್ತೀರಾ? ಪಿತ್ತಕೋಶದ ಆಪರೇಷನ್ ಜೊತೆಗೇ ಈ ಕಲ್ಲನ್ನೂ ತೆಗೆಯಬಹುದಾ?’ ಅಪಾಯ ಹೆಚ್ಚಿರುವವರ ಮೇಲೆ ಅಮೆರಿಕದಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಗುಳಿಗೆಯಿಂದ ಊತ ನೂರಕ್ಕೆ 17ರಿಂದ 9ಕ್ಕೆ ಇಳಿದಿತ್ತು. ರಕ್ತ ತೆಳುವಾಗಿಸುವ ಮಾತ್ರೆ, ಕಿಡ್ನಿ ತೊಂದರೆ, ಔಷಧದ ಅಲರ್ಜಿ ಇದ್ದರೆ ಮುಚ್ಚಿಡಬೇಡಿ.

5. ಇಆರ್‌ಸಿಪಿ ಆದ ದಿನ ರಾತ್ರಿಯೇ ಊರಿನ ಬಸ್ ಹತ್ತಬೇಡಿ. ಊತದ ನೋವು ಹೆಚ್ಚಾಗಿ ಮೊದಲ ದಿನದೊಳಗೇ ಶುರುವಾಗುತ್ತದೆ. ಹುಬ್ಬಳ್ಳಿ, ದಾವಣಗೆರೆ ಎಲ್ಲೇ ಮಾಡಿಸಿದರೂ ಒಂದು ರಾತ್ರಿ ಆಸ್ಪತ್ರೆಯ ಹತ್ತಿರವೇ ಇರಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಹಿಡಿದುಕೊಂಡು ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಚೀಟಿಯ ಬಗ್ಗೆ ಮೊದಲೇ ವಿಚಾರಿಸಿ.

6. ಪಿತ್ತ ಹರಿಯಲೆಂದು ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದ್ದಾರೋ ಇಲ್ಲವೋ ತಿಳಿದುಕೊಂಡೇ ಹೊರಡಿ. ಪ್ಲಾಸ್ಟಿಕ್ ಸ್ಟೆಂಟನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ತೆಗೆಸಲೇಬೇಕು. ಮರೆತರೆ ಅದು ಕಟ್ಟಿಕೊಂಡು ಚಳಿಜ್ವರ ತರಬಹುದು, ಅದರ ಸುತ್ತಲೇ ಹೊಸ ಕಲ್ಲು ಬೆಳೆಯಬಹುದು. ನೋವಿಲ್ಲದವರೇ ಇದನ್ನು ಸುಲಭವಾಗಿ ಮರೆಯುವವರು. ಮನೆಗೆ ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಗುರುತು ಹಾಕಿ, ಮಗನಿಗೋ ಸೊಸೆಗೋ ಹೇಳಿಡಿ. ಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಹೋದ ಮೇಲೆ ನೋಡೋಣ ಎಂದು ಮುಂದೂಡಬೇಡಿ. ಪಿತ್ತಕೋಶದಲ್ಲೂ ಕಲ್ಲಿದ್ದರೆ ಅದರ ಆಪರೇಷನ್ ಎರಡು ವಾರದೊಳಗೆ ಆಗುವುದು ಒಳ್ಳೆಯದು.

7. ಕಲ್ಲು ತೆಗೆಸದೆ ಕಾಯುತ್ತಿರುವವರು ಕಣ್ಣು ಹಳದಿಯಾದರೆ, ನಡುಕದ ಜ್ವರ ಬಂದರೆ, ಬಲಪಕ್ಕೆಲುಬಿನ ಕೆಳಗೆ ನೋವು ಎದ್ದರೆ ಕಾಮಣಿ ಔಷಧ ಕೊಡುವವರ ಮನೆಗೆ ಹೋಗಬೇಡಿ, ಬೆಳಗಾಗಲಿ ಎಂದೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ.