ತಗ್ಗಿಸಿದ ಕಾರು, ದೊಡ್ಡ ಗಾಲಿ ಮತ್ತು ಅಲೈನ್‌ಮೆಂಟ್ ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರಸ್ತೆಗಳಲ್ಲಿ ನಿಜವಾದ ಸ್ಪೋರ್ಟ್ಸ್ ಕಾರು ಕಾಣುವುದು ಅಪರೂಪ. ಆದರೆ ಸ್ವಿಫ್ಟ್ ಅಥವಾ ಪೋಲೊ ಕಾರನ್ನು ತಗ್ಗಿಸಿ, ದೊಡ್ಡ ಅಲಾಯ್ ಗಾಲಿ ಹಾಕಿಸಿ ಸ್ಪೋರ್ಟ್ಸ್ ಕಾರಿನಂತೆ ಮಾಡಿಕೊಳ್ಳುವ ಆಸೆ ನಮ್ಮ ಹುಡುಗರಲ್ಲಿ ಇದ್ದೇ ಇದೆ. ಹಾಗೆ ಮಾಡಿಸಿದ ಕೆಲವು ತಿಂಗಳಲ್ಲೇ ಹೊಸ ಟೈರಿನ ಒಳ ಅಂಚು ಸವೆದರೆ ಎಲ್ಲರೂ ಟೈರ್ ಕಂಪನಿಯನ್ನು ದೂರುತ್ತಾರೆ. ತಪ್ಪು ಹೆಚ್ಚಾಗಿ ಟೈರಿನದಲ್ಲ, ಕೋನದ್ದು. ಅದನ್ನು ಅರಿಯಲು ಪಿಯುಸಿಯ ತ್ರಿಕೋನಮಿತಿ ಸಾಕು.

ಕಾರಿನ ಎದುರು ನಿಂತು ನೋಡಿ. ಗಾಲಿಯ ತಲೆ ಒಳಕ್ಕೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡೂ ಗಾಲಿಗಳ ಮುಂಭಾಗ ಹತ್ತಿರ ಬಂದಿದ್ದರೆ ಟೋ-ಇನ್, ದೂರ ಸರಿದಿದ್ದರೆ ಟೋ-ಔಟ್. ಪಾದ ಒಳಕ್ಕೆ ತಿರುಗಿಸಿಕೊಂಡು ನಾಲ್ಕು ಹೆಜ್ಜೆ ನಡೆದರೆ ಚಪ್ಪಲಿ ನೆಲಕ್ಕೆ ಹೇಗೆ ಉಜ್ಜುತ್ತದೆ ಎಂದು ತಿಳಿಯುತ್ತದೆ. ಟೋ ಮಾಡುವ ಕೆಲಸ ಅದೇ.

ಕಾರು ತಗ್ಗಿಸಿದರೆ ಇವೆರಡೂ ಬದಲಾಗುವುದೇಕೆ? ಗಾಲಿಯನ್ನು ಹಿಡಿದಿರುವ ಕೆಳಗಿನ ಆರ್ಮ್ ಒಂದು ವೃತ್ತದ ಕಂಸದಲ್ಲಿ ತಿರುಗುತ್ತದೆ. ಸ್ಟಿಯರಿಂಗ್‌ನ ಟೈ ರಾಡ್ ಬೇರೊಂದು ಕಂಸದಲ್ಲಿ ತಿರುಗುತ್ತದೆ. ಕಂಪನಿಯವರು ನಿಗದಿ ಮಾಡಿದ ಎತ್ತರದಲ್ಲಿ ಎರಡೂ ಹೊಂದಿಕೊಂಡಿರುತ್ತವೆ. ದೇಹ 40 ಮಿ.ಮೀ. ಕೆಳಗಿಳಿದರೆ ಆ ಹೊಂದಾಣಿಕೆ ತಪ್ಪಿ, ಗಾಲಿ ವಾಲುತ್ತದೆ, ದಿಕ್ಕನ್ನೂ ಬದಲಿಸುತ್ತದೆ.

ಜನ ಕಣ್ಣಿಗೆ ಕಾಣುವ ಕ್ಯಾಂಬರ್‌ಗೆ ಹೆದರುತ್ತಾರೆ. ಟೈರನ್ನು ಬೇಗ ತಿನ್ನುವುದು ಕಣ್ಣಿಗೆ ಕಾಣದ ಟೋ. 15 ಇಂಚಿನ ರಿಮ್‌ನ ವ್ಯಾಸ 381 ಮಿ.ಮೀ. ಒಟ್ಟು ಟೋ 3 ಮಿ.ಮೀ. ತಪ್ಪಿದ್ದರೆ ಒಂದೊಂದು ಗಾಲಿಯ ಪಾಲಿಗೆ 1.5 ಮಿ.ಮೀ. ಸೈನ್ ಬೆಲೆ 1.5 ÷ 381, ಅಂದರೆ ಸುಮಾರು 0.0039. ಹಾಗಾದರೆ ಲೆಕ್ಕದ ಪ್ರಕಾರ ಪ್ರತಿ ಕಿಲೋಮೀಟರಿಗೆ ಗಾಲಿ ಸುಮಾರು 4 ಮೀಟರ್ ಅಡ್ಡಲಾಗಿ ಉಜ್ಜುತ್ತದೆ. ಬೆಳಗಾವಿ ದಾರಿಯಲ್ಲಿ 40 ಕಿ.ಮೀ. ಓಡುವಷ್ಟರಲ್ಲಿ ಸುಮಾರು 160 ಮೀಟರ್! ಕ್ಯಾಂಬರ್ ಭಾರವನ್ನು ಒಳ ಅಂಚಿನ ಮೇಲೆ ಹೊರಿಸುತ್ತದೆ. ಅದೇ ಅಂಚನ್ನು ಟೋ ಎಳೆದಾಡುತ್ತದೆ. ಎರಡೂ ಸೇರಿದಾಗ ಟೈರು ಉಳಿಯುವುದಿಲ್ಲ.

ದೊಡ್ಡ ಗಾಲಿಯಲ್ಲಿ ಇನ್ನೊಂದು ಬಲೆ ಇದೆ. 17 ಇಂಚಿನ ರಿಮ್ ಎಂದರೆ 431.8 ಮಿ.ಮೀ. ಅಲ್ಲಿ ಅದೇ 3 ಮಿ.ಮೀ. ಎಂದರೆ 0.45 ಡಿಗ್ರಿ ಅಲ್ಲ, 0.40 ಡಿಗ್ರಿ. ಆದ್ದರಿಂದ ಗಾಲಿ ಬದಲಿಸಿದ ಮೇಲೆ ಹಳೆಯ ಮಿಲಿಮೀಟರ್ ಅಂಕಿ ನಡೆಯುವುದಿಲ್ಲ, ಡಿಗ್ರಿಯಲ್ಲೇ ಕೇಳಬೇಕು. ಟೈರಿನ ಒಟ್ಟು ವ್ಯಾಸವನ್ನೂ ನೋಡಿ. 185/65 ಆರ್15ರ ವ್ಯಾಸ 621.5 ಮಿ.ಮೀ., 205/50 ಆರ್17ರದು 636.8 ಮಿ.ಮೀ. ಹೆಚ್ಚು ಕಡಿಮೆ ಶೇ. 2.5 ವ್ಯತ್ಯಾಸ. ಮೀಟರ್ 60 ತೋರಿಸುತ್ತಿದ್ದ ವೇಗದಲ್ಲೇ ಅದು 60 ತೋರಿಸುತ್ತಿರುತ್ತದೆ, ಗಾಡಿ ಮಾತ್ರ ಮೊದಲಿಗಿಂತ 1.5 ಕಿ.ಮೀ. ಹೆಚ್ಚು ವೇಗದಲ್ಲಿರುತ್ತದೆ.

ಇನ್ನು ಸೆಟ್ಟಿಂಗ್. ಮೊದಲು ಗಾಳಿ ಸರಿ ಮಾಡಿಸಿ. ಸ್ಪ್ರಿಂಗ್ ಬದಲಿಸಿದ ಮೇಲೆ ಕೆಲವು ದಿನ ಓಡಿಸಿ, ಅದು ಕುಳಿತ ಮೇಲೆ ಅಳತೆ ಮಾಡಿಸಿ. ಕ್ಯಾಂಬರ್ ಮೊದಲು, ಟೋ ಕೊನೆಗೆ. ಕ್ಯಾಂಬರ್ ಅಲುಗಿಸಿದರೆ ಟೋ ಮತ್ತೆ ಕೆಡುತ್ತದೆ. ರಸ್ತೆಯಲ್ಲಿ ಓಡುವ ಕಾರಿಗೆ ಮುಂದಿನ ಕ್ಯಾಂಬರ್ ಮೈನಸ್ 1ರಿಂದ 1.5 ಡಿಗ್ರಿಯೊಳಗೆ, ಎಡಬಲದಲ್ಲಿ ಅರ್ಧ ಡಿಗ್ರಿಗಿಂತ ಕಡಿಮೆ ವ್ಯತ್ಯಾಸದಲ್ಲಿ ಇದ್ದರೆ ಸಾಕು. ಟೋ ಸೊನ್ನೆಯ ಹತ್ತಿರವಿರಲಿ. ಹಲವು ಸಣ್ಣ ಕಾರುಗಳಲ್ಲಿ ಕ್ಯಾಂಬರ್ ತಿರುಗಿಸುವ ವ್ಯವಸ್ಥೆಯೇ ಇರುವುದಿಲ್ಲ. ಬೇರೆ ಬೋಲ್ಟ್ ಹಾಕಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಯಂತ್ರದ ಅಂಕಿಗಳ ಚೀಟಿ ಕೇಳಿ. ಒಳ್ಳೆಯ ಮಿಸ್ತ್ರಿ ಖುಷಿಯಿಂದ ಕೊಡುತ್ತಾನೆ.

ಸ್ಪ್ರಿಂಗ್ ಕತ್ತರಿಸಿ ತಗ್ಗಿಸುವುದು ಮಾತ್ರ ಬೇಡ. ಸ್ಪ್ರಿಂಗ್ ಸ್ಥಿರಾಂಕ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ ಎಂದು ಓದಿದ್ದೀರಿ: 8 ಸುತ್ತಿನಲ್ಲಿ 2 ತೆಗೆದರೆ ಮೂರನೆಯ ಒಂದು ಪಾಲಿನಷ್ಟು ಗಡಸಾಗುತ್ತದೆ. ಕಬ್ಬಿನ ಟ್ರ್ಯಾಕ್ಟರ್‌ಗಳು ಕೆಡಿಸಿದ ನಮ್ಮ ರಸ್ತೆಗಳಲ್ಲಿ ಆ ಹೊಡೆತ ನೇರ ಶಾಕ್‌ಗೆ ಬೀಳುತ್ತದೆ. ಕಂಪನಿಯ 163 ಮಿ.ಮೀ. ನೆಲದೆತ್ತರದ ಸ್ವಿಫ್ಟ್ 40 ಇಳಿದರೆ ಉಳಿಯುವುದು 123. ಸರಿಯಾದ ಅಳತೆಯ ಹಂಪ್ ಎತ್ತರವೇ 100. ಐದು ಜನ ಕುಳಿತರೆ ಏನಾಗುತ್ತದೆ, ನೀವೇ ಲೆಕ್ಕ ಹಾಕಿ.

ಕಾನೂನೂ ಇದೆ. ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರ ತಕರಾರು ಬೇರೆ. ಹಾಗಾಗಿ ಅಣ್ಣನೋ ಗೆಳೆಯನೋ ಕಾರು ತಗ್ಗಿಸುವ ಮಾತೆತ್ತಿದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಲು ಹೇಳಿ. ಈಗಾಗಲೇ ತಗ್ಗಿಸಿದ್ದರೆ, ಗಾಡಿ ನಿಲ್ಲಿಸಿ ಟೈರಿನ ಮೇಲೆ ಅಡ್ಡಲಾಗಿ ಅಂಗೈ ಆಡಿಸಿ ನೋಡಿ: ಒಂದು ದಿಕ್ಕಿಗೆ ನುಣುಪಾಗಿದ್ದು, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಟೋ ತಪ್ಪಿದೆ.