ಯಂತ್ರವನ್ನು ನಿಲ್ಲಿಸುವ ವಿದ್ಯೆ

ಮುಂಬಯಿಯ ನಮ್ಮ ಬೀದಿಗಳಲ್ಲಿರುವ ಹಿಟ್ಟಿನ ಗಿರಣಿಗಳ ಗೋಡೆಯ ಮೇಲೆ ಒಂದು ಚಿಕ್ಕ ಪೆಟ್ಟಿಗೆಯನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ಹಸಿರು ಗುಂಡಿಯನ್ನು ಒತ್ತಿದರೆ ಗಿರಣಿ ತಿರುಗುವುದು. ಕೆಂಪು ಗುಂಡಿಯನ್ನು ಒತ್ತಿದರೆ ನಿಲ್ಲುವುದು. ಈ ಪೆಟ್ಟಿಗೆಗೆ ಸ್ಟಾರ್ಟರ್ ಎಂದು ಹೆಸರು. ಹೆಸರು ಆರಂಭವನ್ನು ಸೂಚಿಸಿದರೂ ಯಂತ್ರವನ್ನು ಸಕಾಲದಲ್ಲಿ ನಿಲ್ಲಿಸುವುದೇ ಅದರ ಹಿರಿಯ ಕೆಲಸ. ಅದು ಹೇಗೆಂಬುದನ್ನು ವಿಚಾರಿಸೋಣ.

ಆವಿಯ ಎಂಜಿನ್ನಿನ ಕಾಲದಲ್ಲಿ ಬಟ್ಟೆಯ ಗಿರಣಿಗಳಲ್ಲಿ ಉದ್ದನೆಯ ಉಕ್ಕಿನ ದಂಡವೊಂದು ಬೆಲ್ಟುಗಳ ಮೂಲಕ ಸಾಲು ಸಾಲು ಮಗ್ಗಗಳನ್ನು ನಡೆಸುತ್ತಿತ್ತು. 1915ರಲ್ಲಿ ಖೋಪೋಲಿಯ ಜಲವಿದ್ಯುತ್ತು ಮುಂಬಯಿಯ ಗಿರಣಿಗಳಿಗೆ ಬಂದಿತು. ಕ್ರಮೇಣ ಒಂದೊಂದು ಯಂತ್ರಕ್ಕೂ ಅದರದೇ ಮೋಟಾರು ಒದಗಿತು. ಒಂದೊಂದನ್ನೂ ಬೇರೆ ಬೇರೆಯಾಗಿ ನಡೆಸಿ ನಿಲ್ಲಿಸುವ ಹೊಣೆ ಸ್ಟಾರ್ಟರಿಗೆ ಬಂದಿತು.

ಹಸಿರು ಗುಂಡಿಯನ್ನು ಒತ್ತಿದಾಗ ಪೆಟ್ಟಿಗೆಯೊಳಗಿನ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಸುರುಳಿಯು ಅಯಸ್ಕಾಂತವಾಗಿ ಲೋಹದ ತುಂಡುಗಳನ್ನು ಎಳೆದು ಕೂಡಿಸುತ್ತದೆ; ಮೋಟಾರು ತಿರುಗುತ್ತದೆ. ಅದೇ ಕ್ಷಣದಲ್ಲಿ ಇನ್ನೊಂದು ಸಣ್ಣ ಜೋಡಣೆಯೂ ಕೂಡಿಕೊಂಡು ಸುರುಳಿಗೆ ಬೇರೊಂದು ದಾರಿಯಿಂದ ವಿದ್ಯುತ್ತನ್ನು ಒದಗಿಸುತ್ತದೆ. ಆದ್ದರಿಂದ ಬೆರಳನ್ನು ತೆಗೆದರೂ ಯಂತ್ರ ನಿಲ್ಲದು.

ಈಗ ವಿದ್ಯುತ್ತು ಹೋಯಿತೆಂದು ಭಾವಿಸೋಣ. ಸುರುಳಿಯ ಕಾಂತಶಕ್ತಿ ಅಳಿದು ಸ್ಪ್ರಿಂಗು ಜೋಡಣೆಗಳನ್ನು ಬಿಡಿಸುತ್ತದೆ. ವಿದ್ಯುತ್ತು ಮರಳಿ ಬಂದರೂ ಯಾರಾದರೂ ಹಸಿರು ಗುಂಡಿಯನ್ನು ಒತ್ತುವವರೆಗೆ ಯಂತ್ರ ಕದಲದು. ಕತ್ತಲೆಯಲ್ಲಿ ಬೆಲ್ಟನ್ನು ಸರಿಪಡಿಸಲು ಕೆಲಸಗಾರನು ಕೈಯಿಟ್ಟಿದ್ದರೆ, ಆ ಕೈಯನ್ನು ಉಳಿಸುವುದು ಈ ಏರ್ಪಾಡೇ.

ಕೆಂಪು ಗುಂಡಿಯ ರಚನೆಯೂ ಜಾಣತನದ್ದೇ. ಸುರುಳಿಯ ವಿದ್ಯುತ್ತು ಸದಾ ಅದರ ಮೂಲಕವೇ ಹರಿಯುತ್ತಿರುತ್ತದೆ. ಒತ್ತಿದರೆ ಆ ದಾರಿ ಕಡಿಯುತ್ತದೆ. ಗುಂಡಿಯ ತಂತಿ ತಾನಾಗಿಯೇ ತುಂಡಾದರೂ ಯಂತ್ರ ನಿಲ್ಲುತ್ತದೆ. ಒತ್ತಿದಾಗ ಮಾತ್ರ ವಿದ್ಯುತ್ತು ಹರಿಯುವಂತೆ ಮಾಡಿದ್ದರೆ, ತಂತಿ ತುಂಡಾದುದು ಅಪಾಯದ ಗಳಿಗೆಯವರೆಗೂ ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನು ಮೋಟಾರಿನ ರಕ್ಷಣೆ. ಹೊರಡುವಾಗ ಅದು ಪೂರ್ಣ ಹೊರೆಯ ಪ್ರವಾಹದ ಸುಮಾರು ಆರು ಪಟ್ಟು ಪ್ರವಾಹವನ್ನು ಸೆಳೆಯುವುದುಂಟು. ಇದು ಕೆಲವೇ ಕ್ಷಣಗಳ ಮಾತು. ಆದರೆ ಬೀಸುವ ಕಲ್ಲು ಸಿಕ್ಕಿಕೊಂಡರೆ ಆ ಹೆಚ್ಚಿನ ಪ್ರವಾಹ ಮುಂದುವರಿಯುತ್ತದೆ. ಆಗ ಎರಡು ಲೋಹಗಳನ್ನು ಬೆಸೆದ ಪಟ್ಟಿಯು ಕಾದು ಬಾಗಿ, ಸುರುಳಿಯ ದಾರಿಯನ್ನು ಕಡಿಯುತ್ತದೆ.

ಇಂದಿನ ದೊಡ್ಡ ಕಾರ್ಖಾನೆಗಳಲ್ಲಿ ಪಿ.ಎಲ್.ಸಿ. ಎಂಬ ಗಣಕಯಂತ್ರವು ನೂರಾರು ಮೋಟಾರುಗಳನ್ನು ಆಳುತ್ತದೆ. ಇದು 1968-69ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಡ್ರೈವ್ ಎಂಬ ಸಾಧನವು ವಿದ್ಯುತ್ತಿನ ಆವರ್ತಗಳನ್ನು ಬದಲಿಸಿ ವೇಗವನ್ನು ಹತೋಟಿಯಲ್ಲಿಡುತ್ತದೆ. ಸೆಕೆಂಡಿಗೆ 50 ಆವರ್ತಗಳಾದರೆ ನಾಲ್ಕು ಧ್ರುವಗಳ ಮೋಟಾರಿನ ಕಾಂತಕ್ಷೇತ್ರವು ನಿಮಿಷಕ್ಕೆ 1500 ಸುತ್ತು ತಿರುಗುವುದು. 25 ಆದರೆ 750 ಸುತ್ತು. ಇಷ್ಟೆಲ್ಲ ಮುಂದುವರಿದರೂ, ಹಳದಿ ಹಿನ್ನೆಲೆಯ ತುರ್ತಿನ ಕೆಂಪು ಗುಂಡಿಯು ಇಂದಿಗೂ ಆ ಹಳೆಯ ನಿಯಮವನ್ನೇ ಪಾಲಿಸುತ್ತದೆ: ದಾರಿ ಕಡಿದರೆ ಯಂತ್ರ ನಿಲ್ಲಬೇಕು.

ಆದರೂ ಕೆಂಪು ಗುಂಡಿಯೊಂದನ್ನೇ ನಂಬಿ ಯಂತ್ರದೊಳಗೆ ಕೈಯಿಡಬಾರದು. ದುರಸ್ತಿಗೆ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿ, ಬೀಗ ಹಾಕಿ, ಬೀಗದ ಕೈಯನ್ನು ಕೆಲಸಗಾರನೇ ಇಟ್ಟುಕೊಳ್ಳತಕ್ಕದ್ದು. ನಮ್ಮಲ್ಲಿ ಹಲವರು ನಾಳೆ ಕಾರ್ಖಾನೆಗಳನ್ನು ಸೇರುವವರು. ಯಂತ್ರವನ್ನು ನಡೆಸಲು ಕಲಿಯುವ ಮೊದಲೇ ಅದನ್ನು ನಿಲ್ಲಿಸುವ ಬಗೆಯನ್ನು ನಾವು ಕಲಿತಿರೋಣ.